ಕೆಂಪು ಬೀಜದ ಚೀಲ

ಜೂನ್ 21

ಹಾಲು ಕರೆದು, ಒಲೆ ಮೇಲೆ ನೀರಿಟ್ಟು ಕೂತಿದ್ದೇನೆ. ಸಬ್ಸಿಡಿ ಮೆಕ್ಕೆಜೋಳದ ಬೀಜ ಇವತ್ತು ಬಂತು! ಮಳೆ ಬಂದು, ಹದ ಆರಿ, ಊರಿಗೆ ಊರೇ ಬಿತ್ತಿ ಮುಗಿಸಿದ ಮೇಲೆ. ಊಟಕ್ಕಿಲ್ಲದ ಉಪ್ಪಿನಕಾಯಿ. ನಾವು ಮನೆಯ ಹಳೇ ಬೀಜವನ್ನೇ ಹಾಕಿಯಾಗಿದೆ, ಪೈರು ಗೇಣುದ್ದ ಬಂದಿದೆ. ಜೊತೆಗೆ ಕೊಟ್ಟ ಗೊಬ್ಬರವಾದರೂ ಉಪಯೋಗಕ್ಕೆ ಬಂತು, ಪುಣ್ಯ.

ಬೀಜ ಇಟ್ಟಿಗೆ ಪುಡಿಯಷ್ಟು ಕೆಂಪು. ಹುಳ ತಿನ್ನದಿರಲಿ ಅಂತ ಹಚ್ಚಿದ ವಿಷ. ಚೀಲದ ಮೇಲೆ ತಲೆಬುರುಡೆ ಚಿತ್ರ ಬೇರೆ. ಮಗಳು ಪುಟ್ಟಿಯನ್ನು ಹತ್ತಿರ ಬಿಡಲಿಲ್ಲ. ಸೋಪು ಹಾಕಿ ಕೈ ತೊಳೆದೆ, ಮತ್ತೆ ತೊಳೆದೆ. ಇವರು ನಕ್ಕರು. "ನೀನು ಹಗ್ಗ ಕಂಡ್ರೂ ಹಾವು ಅಂತೀಯ ಬಿಡು."

ಜೂನ್ 24, ಮಧ್ಯಾಹ್ನ

ತಪಾಸಣೆ ಇದೆಯಂತೆ. ಯಾರೋ ಬೀಜವನ್ನು ಪೇಟೆಯಲ್ಲಿ ಮಾರಿಕೊಂಡರಂತೆ. ಅದಕ್ಕೇ ಕೃಷಿ ಆಫೀಸಿನ ಸಾಹೇಬರು ಮನೆ ಹೊಕ್ಕು ನೋಡುತ್ತಾರಂತೆ. ಬಿತ್ತದೆ ಇಟ್ಟುಕೊಂಡಿದ್ದು ಸಿಕ್ಕರೆ ಹೆಸರು ಕಟ್. ಮುಂದಿನ ವರ್ಷ ಗೊಬ್ಬರವೂ ಇಲ್ಲ. ಗೊಬ್ಬರವಿಲ್ಲದ ವರ್ಷ ನೋಡಿದ್ದೇನೆ... ತೆನೆ ಹೆಬ್ಬೆರಳಷ್ಟು. ಆ ವರ್ಷವೆಲ್ಲ ಅತ್ತೆ ತಮಗೆ ಹಸಿವೇ ಇಲ್ಲ ಅನ್ನುತ್ತಿದ್ದರು.

"ಹೂತುಬಿಡಿ ರೀ" ಅಂದೆ.

"ಹೂತ್ರೆ ಮೊಳಕೆ ಬಂದು ಅದೇ ಚಾಡಿ ಹೇಳುತ್ತೆ. ಇರ್ಲಿ, ಮುಂದಿನ ಹಂಗಾಮಿಗೆ ಆಗುತ್ತೆ."

ಇವರಿಗೆ ಜೋಕು.

ಜೂನ್ 27

ಅತ್ತೆ, ಪುಟ್ಟಿ, ನಾನು ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು ಬರುವಷ್ಟರಲ್ಲಿ ಚೀಲ ಮಾಯ. ಎಲ್ಲಿಟ್ಟಿರಿ ಅಂದರೆ ಬಾಯಿ ಬಿಡಲಿಲ್ಲ. "ನಿನಗೆ ಹೇಳಲ್ಲ ಕಣೇ. ನಿನ್ನ ಮುಖ ನೋಡಿದ್ರೆ ಸಾಹೇಬ್ರಿಗೆ ಎಲ್ಲಾ ಗೊತ್ತಾಗುತ್ತೆ."

ಮಾತು ನಿಜ. ಕೇಳುವುದನ್ನು ಬಿಟ್ಟೆ. ಇನ್ನೊಂದು ವಿಚಿತ್ರ — ಬರಿದಾಗಿದ್ದ ಕಣಜವನ್ನು ತುಂಬಿಸಿದ್ದಾರೆ. ಅಟ್ಟದ ಮೂಟೆಗಳನ್ನು ತಾವೇ ಇಳಿಸಿ ಸುರಿದರಂತೆ. ಮನೆಗೆಲಸ ಅಂದರೆ ಮಾರು ದೂರ ಹಾರುವ ಮನುಷ್ಯ! ಒಂದು ಗಳಿಗೆ ಖುಷಿಯಾಯಿತು.

ಜುಲೈ 2

ಬಂದರು. ಸಾಹೇಬರು ರಸ್ತೆಯಿಂದಲೇ ಹೊಲ ನೋಡಿದರು. "ಪೈರು ಚೆನ್ನಾಗಿದೆಯಲ್ಲಮ್ಮ. ನಮ್ಮ ಬೀಜ ತಾನೆ?"

"ಹೌದು ಸಾರ್."

ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ನೀರು ಕುಡಿದರು, ಹೋದರು. ಹೊಸ್ತಿಲು ಕೂಡ ದಾಟಲಿಲ್ಲ! ಇಷ್ಟಕ್ಕೇನಾ ನಾನು ನಿದ್ದೆಗೆಟ್ಟಿದ್ದು...

ಜುಲೈ 5

ಪುಟ್ಟಿಗೆ ಹೊಟ್ಟೆನೋವು. ಅತ್ತೆಗೂ ತಲೆಸುತ್ತು. ಇವರು ಹವಾ ಬದಲಾಗಿದೆ ಅಂದರು. ಮೆಕ್ಕೆಜೋಳದ ನುಚ್ಚಿನ ಗಂಜಿ ಮಾಡಿ ಇಬ್ಬರಿಗೂ ಕುಡಿಸಿದೆ. ಬೇಡ ಬೇಡ ಅಂದರೂ ಪುಟ್ಟಿಗೆ ಇನ್ನೊಂದು ಲೋಟ ಕುಡಿಸಿದೆ.

ಜುಲೈ 6, ಆಸ್ಪತ್ರೆ

ಚೀಟಿಯ ಹಿಂದೆ ಬರೆಯುತ್ತಿದ್ದೇನೆ. ಬರೆಯದಿದ್ದರೆ ಕಿರುಚಿಬಿಡುತ್ತೇನೆ.

ಬೆಳಿಗ್ಗೆ ಪುಟ್ಟಿ ವಾಂತಿ ಮಾಡಿಕೊಂಡಳು. ಮತ್ತೆ ಗಂಜಿಗೆಂದು ಕಣಜದ ಬುಡದ ತೂತಿನ ಬಟ್ಟೆ ಕಿತ್ತು ಕಾಳು ಇಳಿಸುತ್ತಿದ್ದೆ. ಇವರು ನೋಡಿದರು.

"ಕೆಳಗಿಂದ ಯಾಕೆ ತೆಗೀತಿದೀಯ?"

"ಮತ್ತೆಲ್ಲಿಂದ ತೆಗೀಲಿ? ದಿನಾ ಇಲ್ಲಿಂದಲೇ ಅಲ್ವಾ?"

ಇವರು ಕಾಳಿನ ಮೊರವನ್ನು ನನ್ನ ಕೈಯಿಂದ ಕಸಿದುಕೊಂಡರು. ಬಣ್ಣ ಹೋಗುವ ತನಕ ಬೀಜ ತೊಳೆದು, ಒಣಗಿಸಿ, ಕಣಜದ ತಳಕ್ಕೆ ಸುರಿದು, ಮೇಲೆ ನಮ್ಮ ಕಾಳು ತುಂಬಿಸಿದ್ದರಂತೆ. ಮೇಲಿಂದ ಮೊಗೆದುಕೊಳ್ಳುತ್ತೀವಿ ಅಂದುಕೊಂಡಿದ್ದರಂತೆ. ಹುಟ್ಟಿದಾಗಿನಿಂದ ಈ ಕಣಜದ ಅನ್ನ ತಿಂದ ಮನುಷ್ಯನಿಗೆ ಕಾಳು ಎಲ್ಲಿಂದ ಇಳಿಯುತ್ತದೆಂದು ಗೊತ್ತಿಲ್ಲ! ನಾನು, ನನ್ನ ಕೈಯಾರೆ, ದಿನಾ...

ಡಾಕ್ಟರು ಏನು ತಿಂದಿದ್ದು ಅಂದರು. "ಹಳಸಿದ್ದೇನೋ ಇರ್ಬೇಕು ಸಾರ್" ಅಂದರು ಇವರು. ನನ್ನ ಕಿವಿಯಲ್ಲಿ — "ಹೇಳ್ಬೇಡ. ಗೊಬ್ಬರ ಹೋಗುತ್ತೆ. ಕೇಸೂ ಆಗುತ್ತೆ." ಇವರೂ ಹೆದರಿದ್ದಾರೆ.

ಹೇಳಿಬಿಟ್ಟೆ. ಬೀಜ, ವಿಷ, ಗಂಜಿ, ಎಲ್ಲ.

"ಯಾವ ಔಷಧಿ ಹಚ್ಚಿದ್ದು? ಬೇಗ ಹೆಸರು ಹೇಳಿ."

ಹೆಸರಿದ್ದ ಚೀಲವನ್ನು ಇವರು ಸುಟ್ಟಿದ್ದಾರೆ. ಗೊತ್ತಿರುವವರು ಒಬ್ಬರೇ. ಇವರ ಜೇಬಿನಿಂದ ಮೊಬೈಲ್ ಕಿತ್ತುಕೊಂಡು ಸಾಹೇಬರಿಗೆ ಫೋನ್ ಮಾಡಿದೆ. "ಸಾರ್, ನಿಮ್ಮ ಬೀಜ ನಾವು ಬಿತ್ತಲಿಲ್ಲ. ತಿಂದ್ಬಿಟ್ವಿ."

ಸಾಹೇಬರು ಔಷಧಿಯ ಹೆಸರು ಬಿಡಿಸಿ ಬಿಡಿಸಿ ಹೇಳಿದರು. ಡಾಕ್ಟರು ಕೇಳಿಸಿಕೊಂಡು ಒಳಗೆ ಓಡಿದರು. ಅತ್ತೆ ಗೋಡೆಗೊರಗಿ ಕೂತಿದ್ದಾರೆ, "ನನ್ನದಿರ್ಲಿ, ಮೊದಲು ಮಗು ನೋಡಿ" ಅನ್ನುತ್ತಿದ್ದಾರೆ. ಇವರು ನನ್ನ ಮುಖ ನೋಡುತ್ತಿಲ್ಲ. ಗೊಬ್ಬರ ಹೋಗಲಿ. ಹೊಲವೇ ಹೋಗಲಿ.

ಬಾಗಿಲು ತೆರೆಯಿತು. ನರ್ಸ್, "ಮಗು ತಾಯಿ ಯಾರಮ್ಮ?" ಅಂದಳು. ನಾನು —