ಸಪ್ನಾನ ಪುಟಕ್ಕ ಚಿಲಕ ಹಾಕು

ಖಾನಾಪುರ
೧೨ ನವೆಂಬರ್ ೨೦೦೨

ಚಿರಂಜೀವಿ ಯಲ್ಲೇಶಗ ನಿನ್ನ ಚಿಗವ್ವನ ಆಶೀರ್ವಾದ.

ನಮ್ಮ ಸಮಾಜದ ವಧು-ವರರ ವೆಬ್‌ಸೈಟ್ ನೀನ ಕಟ್ಟೀದಿ ಅಂತ ಎಲ್ಲಾರೂ ಹೊಗಳ್ತಾರ. ನನಗೂ ಹೆಮ್ಮಿ ಐತಿ. ಆದ್ರ ಒಂದು ಮಾತು ಹೇಳಬೇಕು.

ಮೊನ್ನೆ ಸಂತಿಗೆ ಹೋದಾಗ ಸೈಬರ್ ಕೆಫೆದಾಗ ಕುಂತು, ನೀ ಕಲಿಸಿದಂಗ ಪಾಸ್‌ವರ್ಡ್ ಹಾಕಿ, ನಮ್ಮ ಮಗಳು ಪ್ರಮಿಳಾನ ಪುಟ ತೆರೆದೆ. ಆಕಿನ್ನ ಲಗ್ನಕ್ಕ ಯಾರೂ ಕೇಳಿರಲಿಲ್ಲ. ಮ್ಯಾಲಿನ ವೆಬ್ ವಿಳಾಸದ ಕಡೀಕ ಆಕಿ ಪುಟದ ನಂಬರ್ ಇತ್ತು. ಅದನ್ನ ಒಂದ ಹೆಚ್ಚು ಮಾಡಿ ಒತ್ತಿದ್ರ, ನನ್ನ ಮೈದುನನ ಹೆಂಡ್ತಿ ನೀಲವ್ವನ ಮಗಳು ಸಪ್ನಾನ ಪುಟ ತೆರೀತು! ಆಕಿನ್ನ ನಾಲ್ಕು ಮನಿಯವರು ಕೇಳ್ಯಾರ. ಅದರಾಗ ಪೀರನವಾಡಿಯವರೂ ಅದಾರ. ನಾವು ಕೇಳಿದಾಗ "ಈ ವರ್ಷ ಲಗ್ನ ಇಲ್ರಿ" ಅಂದವರು ಅವರು.

ಸೋಯರಿಕಿ ಗಟ್ಟಿ ಆಗೂತನಕ ಬಾಜೂ ಮನಿಗೂ ಹೇಳಬಾರದು ಅನ್ನೂದು ನಮ್ಮ ರೂಢಿ. ನೀಲವ್ವ ಹೇಳಿಲ್ಲ. ನಿನ್ನೆ ನಳದ ಹತ್ರ, "ಅಕ್ಕಾರ, ಪ್ರಮಿಳಾನ್ನ ಯಾರಾದ್ರೂ ಕೇಳ್ಯಾರೇನ್ರಿ?" ಅಂತ ನಕ್ಕೋತ ಕೇಳಿದ್ಲು. "ಭಾಳ ಮಂದಿ ಕೇಳ್ಯಾರವ್ವಾ, ನಾವ ಒಪ್ಪಿಲ್ಲ" ಅಂದೆ.

ನಿನ್ನ ವೆಬ್‌ಸೈಟ್ ಬಾಗಿಲದಾಗ "ನೀವು ಯಾರು" ಅಂತ ಕೇಳತೈತಿ. ಒಳಗ ಬಂದ ಮ್ಯಾಲ "ಈ ಪುಟ ನಿಮ್ಮದೇನು" ಅಂತ ಕೇಳೂದಿಲ್ಲ. ಪುಟ ತೆರೆಯೂವಾಗ ಕೇಳಬೇಕು, ಅಳಿಸೂವಾಗಂತೂ ಕೇಳಲೇಬೇಕು. ಸಪ್ನಾನ ಪುಟದ ಕೆಳಗ "ಅಳಿಸು" ಅನ್ನೂ ಗುಂಡಿ ನನಗೂ ಕಾಣಿಸ್ತು. ಅದರ ಮ್ಯಾಲ ಮೌಸಿನ ಬಾಣ ಇಟ್ಟು ಭಾಳ ಹೊತ್ತು ಕುಂತೆ. ಕಡೀಕ ಒತ್ತದ ಹಂಗ ಎದ್ದು ಬಂದೆ.

ಮುಂದಿನ ಸಂತಿಯೊಳಗ ಇದನ್ನ ಸರಿ ಮಾಡಪಾ. ಆ ದಿನ ನಾ ಮತ್ತ ಅಲ್ಲಿ ಕುಂದರಾಕಿ. ಈ ಸಲ ಎದ್ದು ಬರ್ತೀನಂತ ಹೇಳಾಕಾಗೂದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಚಿಗವ್ವ
ಭರಮವ್ವ