ಗೆರೆಯೊಳಗಿನ ಊರು

ಕಂಪಲಾಪುರ
2 ಫೆಬ್ರವರಿ 2005

ಚಿರಂಜೀವಿ ಪ್ರಮೀಳಾಗೆ ಅಪ್ಪನ ಆಶೀರ್ವಾದಗಳು.

ಅಭ್ಯಾಸಬಲದಿಂದ ಕೈ ‘ಚಿ. ಸೌ.’ ಎಂದೇ ಬರೆದುಬಿಟ್ಟಿತ್ತು. ಆ ಹಾಳೆ ಹರಿದು ಹಾಕಿ ಇದು ಎರಡನೆಯದು. ಕಾಲಿನ ಗಾಯ ಮಾಗಿತೇ? ಕ್ಯಾಂಪಿನಲ್ಲಿ ನೀರು ಕಾಯಿಸಿ ಕೊಡುತ್ತಾರೆಯೇ? ಹರ್ಷಿತಾಳ ಕೆಮ್ಮು ಹೇಗಿದೆ? ಮಗುವನ್ನು ಬರೀ ನೆಲದ ಮೇಲೆ ಮಲಗಿಸಬೇಡ. ಇಲ್ಲಿ ನಿನ್ನ ಅವ್ವ ಎದ್ದು ಓಡಾಡುತ್ತಿದ್ದಾಳೆ, ಊಟ ಮಾತ್ರ ಸೇರುವುದಿಲ್ಲ. ನಿನ್ನ ಅಣ್ಣ ಲಿಂಗರಾಜು ಹೊಗೆಸೊಪ್ಪು ಮಾರಲು ಹೋಗಿದ್ದಾನೆ. ನನಗೇನು ಕೇಡು, ಗುಂಡುಕಲ್ಲಿನ ಹಾಗಿದ್ದೇನೆ.

ನೀನು ಸುರೇಂದ್ರನ್ ಜೊತೆ ಅವನ ಶುಂಠಿ ಲಾರಿ ಹತ್ತಿ ಹೋದ ಮೂರನೇ ದಿನ ನಾನು ತಲೆಗೆ ನೀರು ಹಾಕಿಕೊಂಡೆ. ಬದುಕಿರುವ ಮಗಳಿಗೆ ತಿಥಿ ಮಾಡಿ ನಂಟರಿಗೆಲ್ಲ ಊಟ ಹಾಕಿಸಿದೆ. ನಿನ್ನ ಅವ್ವ ಎಲೆಯ ಮುಂದೆ ಕೂರಲಿಲ್ಲ. ಆರು ವರ್ಷ ನೀನು ಅವಳಿಗೆ ಬರೆದ ಕಾಗದಗಳನ್ನೆಲ್ಲ ಎದುರು ಮನೆಯ ಶೃತಿಯಿಂದ ಓದಿಸಿಕೊಂಡು ರಾಗಿ ಗುಡಾಣದಲ್ಲಿ ಬಚ್ಚಿಟ್ಟಿದ್ದಳು ಎಂದು ನನಗೆ ಗೊತ್ತಾದದ್ದು, ಕಡಲು ಉಕ್ಕಿದ ಸುದ್ದಿ ಟೀವಿಯಲ್ಲಿ ಬಂದ ದಿನ. ಎಲ್ಲವನ್ನೂ ನನ್ನ ಮಡಿಲಿಗೆ ಸುರಿದು, “ಮೇಷ್ಟ್ರಲ್ವಾ ನೀವು? ನನ್ ಮಗಳ ಊರು ಎಲ್ಲೈತೆ, ತೋರ್ಸಿ” ಅಂದಳು. ಭೂಪಟ ಬಿಚ್ಚಿ ಕನ್ನಡಕ ಒರೆಸಿ ಒರೆಸಿ ಹುಡುಕಿದೆ. ಸಿಗಲಿಲ್ಲ. ನೀನೇ ಒಂದು ಕಾಗದದಲ್ಲಿ ಬರೆದಿದ್ದೆಯಲ್ಲ: ‘ಅವ್ವಾ, ನೀನು ಅಪ್ಪನ ಭೂಪಟದಲ್ಲಿ ನಮ್ಮೂರು ಹುಡುಕಬೇಡ. ಕಡಲಿಗೂ ನೆಲಕ್ಕೂ ನಡುವೆ ಅಪ್ಪ ಸೀಮೆಸುಣ್ಣದಲ್ಲಿ ಗೆರೆ ಎಳೀತಿದ್ದರಲ್ಲ, ನಾವೆಲ್ಲ ಆ ಗೆರೆಯೊಳಗೇ ಇದ್ದೀವಿ.’ ಪರ್ಯಾಯ ದ್ವೀಪ ಎಂದರೆ ಮೂರು ಕಡೆ ನೀರು, ಒಂದು ಕಡೆ ನೆಲ ಎಂದು ಮೂವತ್ತು ವರ್ಷ ಪಾಠ ಹೇಳಿದೆ. ಆ ಗೆರೆಯ ದಪ್ಪದಲ್ಲಿ ಒಲೆ ಹಚ್ಚಿಕೊಂಡು ಬದುಕುವವರಿದ್ದಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ನಿನ್ನನ್ನು ಹೇಗೆ ಹುಡುಕಿದೆ ಎಂದು ಕ್ಯಾಂಪಿಗೆ ಬಂದಾಗ ಹೇಳಲಾಗಲಿಲ್ಲ. ಆ ಉದ್ದನೆಯ ಮರಳುಪಟ್ಟಿ ನೆಲಕ್ಕೆ ಅಂಟಿಕೊಂಡಿರುವ ಉತ್ತರದ ತುದಿಯಲ್ಲಿ ಬಸ್ಸಿಳಿದು, ನಿನ್ನ ಕಾಗದಗಳನ್ನೇ ಕೈಯಲ್ಲಿ ಹಿಡಿದು ದಕ್ಷಿಣಕ್ಕೆ ನಡೆದೆ. ನೀನು ಬರೆದ ಹಾಗೆಯೇ ಇತ್ತು. ಬಲಕ್ಕೆ ಕಡಲು, ಎಡಕ್ಕೆ ಹಿನ್ನೀರು, ನಡುವೆ ಕೆಲವು ಕಡೆ ನಮ್ಮ ಕೆರೆ ಏರಿಗಿಂತ ಒಂದಿಷ್ಟು ಅಗಲ, ಅಷ್ಟೇ. ದೋಣಿಯಲ್ಲಿ ಹಿನ್ನೀರು ದಾಟಿಸುವ ಒಂದು ಕಡವು, ಅದರ ಸುತ್ತ ಊರು, ಗುಡಿ, ಮೀನು ಒಣಗಿಸುವ ಜಾಗ, ಆಮೇಲೆ ತೆಂಗು, ಮತ್ತೊಂದು ಕಡವು. ಮೂರು ಕಡವಿನವರೆಗೆ ಮನೆಗಳಿದ್ದವು. ನಾಲ್ಕನೆಯದರಲ್ಲಿ ಪಾಯಗಳಷ್ಟೇ ಉಳಿದಿದ್ದವು, ಬಾವಿಗಳಲ್ಲಿ ಬಾಯಿಮಟ್ಟ ಮರಳು. ಐದನೆಯದು ನಿನ್ನ ಊರು. ನೀನು ಬರೆದಿದ್ದ ರುಬ್ಬುವ ಕಲ್ಲು ಅಲ್ಲೇ ಇತ್ತು, ಅದೊಂದೇ ಇತ್ತು. ಅದರ ಪಕ್ಕದಲ್ಲಿ ಕುಳಿತು ಅತ್ತುಬಿಟ್ಟೆ, ಮಗಳೇ. ನಾನು ಮಾಡಿದ ತಿಥಿ ನಿಜವಾಗಿಹೋಯಿತು ಎಂದೇ ತಿಳಿದಿದ್ದೆ. ಯಾರೋ ಮುದುಕಿ ಬಂದು ಹಿನ್ನೀರಿನಾಚೆ ಕ್ಯಾಂಪು ಹಾಕಿದ್ದ ಸ್ಕೂಲಿನ ಕಡೆಗೆ ಕೈ ತೋರಿಸಿದಳು.

ಸ್ಕೂಲಿನ ಜಗಲಿಯ ಮೇಲೆ ನೀನು ನನ್ನನ್ನು ಬೈಯಬಹುದಿತ್ತು. ಬೈಯಲಿಲ್ಲ. ದೋಣಿ ಬಿಗಿಯಲು ಓಡಿದ ಸುರೇಂದ್ರನ್ ಮೂರನೇ ದಿನ ಹಿನ್ನೀರಿನಲ್ಲಿ ಸಿಕ್ಕಿದ ಎಂದು ಬೇರೆಯವರ ಸುದ್ದಿ ಹೇಳುವಂತೆ ಹೇಳಿದೆ. ಅಳಿಯನ ಮುಖವನ್ನು ನಾನು ನೆಟ್ಟಗೆ ನೋಡಿಯೂ ಇರಲಿಲ್ಲ. ಆಮೇಲೆ ನೀನೇ ಕೇಳಿದೆ: “ಆಷಾಢದಲ್ಲಿ ನಿಮ್ಗೇ ಅಂತ ಒಂದು ಕಾಗ್ದ ಬರ್ದಿದ್ದೆ ಅಪ್ಪಾ. ಸಿಕ್ಕಿರ್ಲಿಲ್ಲ, ಅಲ್ವಾ?” ಸಿಕ್ಕಿರಲಿಲ್ಲ ಎಂದು ನಾನು ತಲೆಯಾಡಿಸಿದೆ. ನೀನು ನನ್ನ ಕೈ ಹಿಡಿದುಕೊಂಡು, “ಅಂಗೇ ಅನ್ಕೊಂಡೆ. ಸಿಕ್ಕಿದ್ರೆ ನೀವು ಸುಮ್ನಿರ್ತಿರ್ಲಿಲ್ಲ. ಶಿವರಾತ್ರಿ ಒಳಗೆ ಊರಿಗೆ ಬತ್ತೀನಿ” ಅಂದೆ.

ಇಲ್ಲಿ ಕೋಣೆಗೆ ಸುಣ್ಣ ಬಳಿದಾಗಿದೆ. ಊರ ಯಜಮಾನ ಮಂಟಯ್ಯ ಬಂದು, “ತಿಥಿ ಆದೋಳು ಮುಂಬಾಗ್ಲಲ್ಲಿ ಬರಂಗಿಲ್ಲ ಕಣ್ ಮೇಷ್ಟ್ರೇ, ಇತ್ಲು ಕಡೆಯಿಂದ ಬರ್ಲಿ” ಅಂದ. ನಿನ್ನ ಅವ್ವ ಮೊರ ಕೆಳಗಿಟ್ಟು, “ಸುಳ್ಳು ತಿಥಿ ಉಂಡೋರು ನೀವು ಇತ್ಲಿಂದ ಬನ್ನಿ. ನನ್ ಮಗಳು ಮುಂದ್ಲಿಂದ್ಲೇ ಬತ್ತಾಳೆ” ಅಂದಳು. ಅವನು ಕಾಫಿಯನ್ನೂ ಕುಡಿಯದೆ ಎದ್ದು ಹೋದ. ಜೂನಿಗೆ ಹರ್ಷಿತಾಳನ್ನು ನೀನು ಓದಿದ ಸ್ಕೂಲಿಗೇ ಸೇರಿಸೋಣ ಎಂದು ಲಿಂಗರಾಜು ಹೇಳುತ್ತಿದ್ದಾನೆ.

ಮಗುವಿನ ನೆತ್ತಿಯ ಮೇಲೆ ನನ್ನ ಕೈ ಇದೆ ಎಂದು ತಿಳಿ. ಮಾದಪ್ಪ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಪ್ಪ
ಸಣ್ಣಬೀರಯ್ಯ

ಮತ್ತೆ: ಇದು ಮರೆತು ಬಿಟ್ಟ ಮಾತಲ್ಲ, ಬರೆಯಲಾಗದೆ ಕೊನೆಗೆ ಉಳಿಸಿಕೊಂಡದ್ದು. ಆಷಾಢದ ಆ ಕಾಗದ ನನಗೆ ಸಿಕ್ಕಿತ್ತು. ಕಡಲಿನ ತಡೆಗೋಡೆ ಒಡೆದಿದೆ, ಅಲೆ ಅಡಿಗೆಮನೆಗೆ ಬರುತ್ತಿದೆ, ಮೂವರೂ ಬಂದು ಯುಗಾದಿವರೆಗೆ ಇರಲೇ ಎಂದು ನೀನು ಕೇಳಿದ್ದನ್ನು ಎರಡು ಸಲ ಓದಿದೆ. ಸತ್ತವಳಿಗೆ ಉತ್ತರ ಬರೆಯುವುದೇನು ಎಂದು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಹಾಕಿದೆ. ಬನ್ನಿ ಎಂದು ಒಂದು ಸಾಲು ಬರೆದಿದ್ದರೆ ಸುರೇಂದ್ರನ್ ಇವತ್ತು ಇಲ್ಲಿ ಶುಂಠಿ ಹೇರುತ್ತಿದ್ದ. ನಿನ್ನ ಅವ್ವನಿಗೆ ಇದು ಗೊತ್ತಿಲ್ಲ, ಈ ಕಾಗದ ಡಬ್ಬಿಗೆ ಹಾಕಿ ಬಂದ ಕೂಡಲೇ ಹೇಳುತ್ತೇನೆ. ಸುಳ್ಳು ನಂಬಿಸಿ ನಿನ್ನನ್ನು ಕರೆಸಿಕೊಳ್ಳಲಾರೆ. ಇದನ್ನು ಓದಿದ ಮೇಲೂ ಬರುವುದಾದರೆ ಮುಂಬಾಗಿಲಲ್ಲೇ ಬಾ. ಹಿತ್ತಲ ಕಡೆಯಿಂದ ಬರಬೇಕಾದವನು ನಾನು.