ಎರಡನೇ ಸಲದ ಹಾಡು

ಕೊಟ್ಟೂರು
ಫೆಬ್ರವರಿ ೯, ೨೦೨೫

ಮಂಜಿ,

ಕ್ಷೇಮವೇ ಅಂತ ಕೇಳುವ ಮುಖ ನನಗಿಲ್ಲ, ಅದಕ್ಕೇ ಆ ಸಾಲು ಬಿಟ್ಟು ಶುರು ಮಾಡಿದ್ದೇನೆ. ಫೋನಿನಲ್ಲಿ ನನ್ನ ನಂಬರು ತಡೆದಿದ್ದೀ. ಬಾಗಿಲಿಗೆ ಬಂದರೆ ನಾಯಿ ಬಿಡ್ತೀನಿ ಅಂದಿದ್ದೀ. ಅಂಚೆಯವನ ಮೇಲೆ ನಿನಗೆ ಸಿಟ್ಟಿರಲಿಕ್ಕಿಲ್ಲ. ಹರಿದು ಬಿಸಾಕುವುದಿದ್ದರೂ ಪೂರ್ತಿ ಓದಿ ಹರಿ, ನಮ್ಮವ್ವಾ.

ಹಾಸ್ಟೆಲಿನಲ್ಲಿ ಒಂದೇ ಟ್ರಂಕಿನಲ್ಲಿ ಇಬ್ಬರ ಬಟ್ಟೆ ತುಂಬಿಸಿದವರು ನಾವು. ನಾನು ಪತ್ರಿಕೆ ಸೇರಿದಾಗ ನನ್ನ ಮೊದಲ ಸುದ್ದಿಯನ್ನು ಕತ್ತರಿಸಿ ಆ ಟ್ರಂಕಿನ ಮುಚ್ಚಳಕ್ಕೆ ಅಂಟಿಸಿದವಳು ನೀನು. ಹನ್ನೊಂದು ವರ್ಷ ಜಿಲ್ಲಾ ಪುಟಕ್ಕೆ ದುಡಿದೆ. ವರದಿ ಮಾಡುವವರು ವರದಿಯೊಳಗೆ ಕಾಣಬಾರದು ಅಂತ ಸಂಪಾದಕರು ಬೈದು ಬೈದು ಕಲಿಸಿದರು. ಯಾರದೋ ಸಾವನ್ನು ನೂರು ಪದಕ್ಕೆ ಇಳಿಸಿ ಇಳಿಸಿ ಸಾಕಾಗಿ ಕೆಲಸ ಬಿಟ್ಟು ಕ್ಯಾಮೆರಾ ಹಿಡಿದೆ. ಹಡಗಲಿಯ ಮಲ್ಲಿಗೆ ಕಟ್ಟುವವರ ಸಾಕ್ಷ್ಯಚಿತ್ರವನ್ನು ಹರಪನಹಳ್ಳಿಯ ಕಾಲೇಜೊಂದರಲ್ಲಿ ತೋರಿಸಿದಾಗ ಇದ್ದವರು ಇಪ್ಪತ್ತೆರಡು ಜನ. ಅದರಲ್ಲಿ ಆರು ಮಂದಿ ಫ್ಯಾನಿನ ಗಾಳಿಗೆ ಬಂದವರು. ಕೊನೆಯ ಸಾಲಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದವಳು ನೀನೊಬ್ಬಳೇ.

ಆಮೇಲೆ ನೀನೇ ಅಂದೆ: “ನಮ್ಮವ್ವನ ಚಿತ್ರ ತೆಗಿಲೇ. ಕುರಿ ಹಿಂದ ಹೆಂಗ ಹಾಡ್ಕೋತ ಹೋಗ್ತಾಳ, ಯಾರಿಗೂ ಗೊತ್ತಿಲ್ಲ.” ಐದು ವರ್ಷ ನಿಮ್ಮವ್ವ ಮೈಲಮ್ಮನ ಹಿಂದೆ ನಡೆದೆ. ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರಿನ ದಂಡೆಗೆ ಕುರಿ ಹೊಡೆದುಕೊಂಡು ಹೋಗುವಾಗ ಚಳಿಗೆ ನಡುಗಿದರೆ ತನ್ನ ಕಂಬಳಿಯಲ್ಲಿ ಅರ್ಧ ನನಗೆ ಹೊದಿಸುತ್ತಿದ್ದಳು. ರೊಟ್ಟಿ ಕೈಗಿಟ್ಟು, ಕ್ಯಾಮೆರಾ ತೋರಿಸಿ, ಆ ಪೆಟ್ಟಿಗಿ ಕೆಳಗಿಟ್ಟು ಮೊದಲು ತಿನ್ನು ಅಂತ ಗದರುತ್ತಿದ್ದಳು.

ಸೆಪ್ಟೆಂಬರಿನಲ್ಲಿ ನಿಮ್ಮಪ್ಪ ತೀರಿಕೊಂಡರು. ಮಣ್ಣಿನ ದಿನ ಅವ್ವ ಅವರ ತಲೆಯ ಬಳಿ ಕೂತು, ಬದುಕಿದ್ದಾಗ ಒಮ್ಮೆಯೂ ಬಾಯಲ್ಲಿ ತಾರದ ಗಂಡನ ಹೆಸರು ಹಿಡಿದು ಹಾಡಿ ಅತ್ತಳು. ತೆಗಿ ಅಂತ ನೀನೇ ಕಣ್ಸನ್ನೆ ಮಾಡಿದೆ. ತೆಗೆದೆ. ಎಂಟನೇ ದಿನ ತಿರುಗಿ ಬಂದು, ಅವತ್ತು ಮೈಕು ಕೈಕೊಟ್ಟಿತ್ತು, ಇನ್ನೊಂದು ಸಲ ಹಾಡವ್ವಾ ಅಂತ ಕೇಳಿದೆ.

ಅವ್ವ ಅಂದಳು: “ಬ್ಯಾಡವ್ವಾ. ಮಣ್ಣಿಗೆ ಹಾಲು-ತುಪ್ಪ ಎರದಮ್ಯಾಲ ಹೆಸರು ಹಿಡಿದು ಅತ್ರ ಹೋದಾಂವ ತಿರುಗಿ ಬರ್ತಾನ. ಬಂದಾಂವ ಬರಿಗೈಲಿ ಹೋಗಂಗಿಲ್ಲ.” ಮೂರನೇ ದಿನವೇ ಹಾಲು-ತುಪ್ಪ ಮುಗಿದಿತ್ತು, ನನಗೂ ಗೊತ್ತಿತ್ತು. ಆದರೂ ಆಕೆಯ ಕಾಲು ಹಿಡಿದೆ. ನೀನು ಮನೆಯಲ್ಲಿಲ್ಲದ ಹೊತ್ತು ನೋಡಿಯೇ ಹಿಡಿದೆ. ಮಗಳಂಥವಳು ಕೇಳುತ್ತಾಳಲ್ಲ ಅಂತ ಹಾಡಿದಳು, ಪಾಪ.

ಅದಾಗಿ ಹನ್ನೊಂದು ದಿನಕ್ಕೆ, ಕೂಡ್ಲಿಗಿ ದಾರಿಯಲ್ಲಿ ಮಳೆಗೆ ಬೇವಿನ ಮರದ ಕೆಳಗೆ ಕುರಿ ಕೂಡಿಸಿ ನಿಂತಿದ್ದ ನಿನ್ನ ತಮ್ಮ ಯರ್ರೆಪ್ಪನಿಗೆ ಸಿಡಿಲು ಬಡಿಯಿತು.

ಸಿಡಿಲಿಗೂ ಹಾಡಿಗೂ ಏನು ಸಂಬಂಧ ಅಂತ ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಮಗನ ಹೆಣದ ಮುಂದೆ ಅವ್ವ ಅಳಲಿಲ್ಲ, ಹಾಡಲಿಲ್ಲ. “ನಾನ ಕರದೀನಿ” ಅಂದಳು, ಅಷ್ಟೇ. ಅವತ್ತು ನಿಂತ ಮಾತು ಇವತ್ತಿಗೂ ಬಂದಿಲ್ಲವಂತೆ. ತುತ್ತು ಮಾಡಿ ತುಟಿಗೆ ಹಿಡಿದರೆ ಒಂದೆರಡು ನುಂಗಿ ಮತ್ತೆ ಹಾಗೇ ಕೂತಿರುತ್ತಾಳಂತೆ. ಸಂತೆಯಲ್ಲಿ ಸಿಕ್ಕ ನಿಮ್ಮೂರವರೊಬ್ಬರು ಹೇಳಿದರು.

ಈಗ ನಾಚಿಕೆಗೆಟ್ಟ ಮಾತು. ದೊಡ್ಡ ಚಿತ್ರೋತ್ಸವವೊಂದು ನಮ್ಮ ಚಿತ್ರವನ್ನು ಆರಿಸಿದೆ. ಇಪ್ಪತ್ತನೇ ತಾರೀಖಿನೊಳಗೆ ಅವ್ವನ ಒಪ್ಪಿಗೆಯ ಹೆಬ್ಬೆಟ್ಟು ಬೇಕು. ಎರಡನೇ ಸಲದ ಆ ಹಾಡೇ ಚಿತ್ರದ ಜೀವ, ಅದನ್ನು ತೆಗೆದರೆ ಉಳಿಯುವುದು ಕುರಿ ಎಬ್ಬಿಸಿದ ಧೂಳು. ನನಗೆ ನಲವತ್ತೆರಡಾಯಿತು. ಪತ್ರಿಕೆಯವರು ನನ್ನನ್ನು ಮರೆತಿದ್ದಾರೆ, ಸಿನಿಮಾದವರಿಗೆ ಇನ್ನೂ ಗೊತ್ತೇ ಆಗಿಲ್ಲ. ಇದೂ ಕೈಬಿಟ್ಟರೆ ನನ್ನ ಹತ್ತಿರ ಏನೂ ಉಳಿಯುವುದಿಲ್ಲ. ಒಂದೇ ಒಂದು ಹೆಬ್ಬೆಟ್ಟು ಒತ್ತಿಸಿ ಕಳಿಸು. ಆಮೇಲೆ ಜೀವ ಇರುವತನಕ ನನ್ನ ಮುಖ ನೋಡಬೇಡ.

ಇಷ್ಟು ಬರೆದು ಎದ್ದು ನೀರು ಕುಡಿದು ಬಂದೆ. ಓದಿಕೊಂಡರೆ ಥೂ ಅನ್ನಿಸಿತು. ಬರೆದದ್ದನ್ನು ಹೊಡೆದುಹಾಕುವುದಿಲ್ಲ. ನಾನು ಎಂಥವಳು ಅನ್ನುವುದು ನಿನಗೆ ಗೊತ್ತಿರಲಿ. ಒಪ್ಪಿಗೆಯ ಕಾಗದವನ್ನು ಒಲೆಗೆ ಹಾಕಿದೆ. ಚಿತ್ರ ತೋರಿಸಬೇಡಿ, ಕಳಿಸಿದ ಪ್ರತಿಯನ್ನು ಅಳಿಸಿಬಿಡಿ ಅಂತ ಉತ್ಸವದವರಿಗೆ ಬರೆದುಬಿಟ್ಟೆ. ಕಂಪ್ಯೂಟರಿನಿಂದ ಎರಡೂ ಹಾಡು ಅಳಿಸಿದ್ದೇನೆ. ಈ ಲಕೋಟೆಯೊಳಗಿರುವ ಎರಡು ಮೆಮೊರಿ ಕಾರ್ಡು ಬಿಟ್ಟರೆ ಅವು ನನ್ನ ಹತ್ತಿರ ಬೇರೆಲ್ಲೂ ಇಲ್ಲ. ಇಟ್ಟುಕೋ, ಇಲ್ಲಾ ಸುಟ್ಟುಬಿಡು.

ಅವ್ವನ ಕಿವಿಯಲ್ಲಿ ಒಂದು ಮಾತು ಹೇಳು. ಆಕೆ ಕರೆಯಲಿಲ್ಲ, ಶಾಂಭವಿ ಕರೆಸಿದಳು ಅಂತ ಹೇಳು. ದಿನಾ ಹೇಳು, ಆಕೆ ಬಾಯಿಬಿಟ್ಟು ನನ್ನನ್ನು ಬೈಯುವತನಕ ಹೇಳು.

ನಿನ್ನ ಟ್ರಂಕಿನಲ್ಲಿ ಪಾಲಿದ್ದವಳು,
ಶಾಂಭವಿ

ಮತ್ತೆ: ಇದನ್ನು ಮರೆತಿರಲಿಲ್ಲ, ಬರೆಯುವ ಧೈರ್ಯ ಇರಲಿಲ್ಲ. ಮೈಕು ಕೈಕೊಟ್ಟಿರಲಿಲ್ಲ. ಕೆಂಪು ದಾರ ಸುತ್ತಿದ ಕಾರ್ಡಿನಲ್ಲಿ ಮಣ್ಣಿನ ದಿನದ ಹಾಡು ಮೊದಲಿಂದ ಕೊನೆತನಕ ಇದೆ, ಒಂದು ಪದವೂ ಹೋಗಿಲ್ಲ. ಆದರೆ ಅದರ ಉದ್ದಕ್ಕೂ ಇನ್ನೊಬ್ಬಳು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸುತ್ತದೆ. ಅವಳು ನಾನು. ನನ್ನ ಅಳು ಚಿತ್ರದಲ್ಲಿ ಕೇಳಿಸಬಾರದು ಅಂತ ಅವ್ವನಿಂದ ಇನ್ನೊಂದು ಸಲ ಹಾಡಿಸಿದೆ.